ಪಟ್ಟಿ ಹತ್ತದ ಬೆಳಿಗ್ಗೆ: ಡೇಟಾಬೇಸ್ ಫಾರ್ಮ್ ಹೊಸ ದಾಖಲೆ ಬೇಡ ಅನ್ನುವುದು ಯಾಕೆ?

ಜುಲೈ ತಿಂಗಳ ಬೆಳಿಗ್ಗೆ ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಟೆಂಪೊಗಳು ಸಾಲಾಗಿ ನಿಂತಿರುತ್ತವೆ. 15 ಕೆಜಿಯ ಟೊಮೆಟೊ ಬಾಕ್ಸುಗಳು ಲಾಟು ಲಾಟಾಗಿ ಇಳಿಯುತ್ತವೆ. ಹರಾಜು ಕೂಗುತ್ತಾ ಮುಂದೆ ಹೋದ ಹಾಗೆ ಗುಮಾಸ್ತರು ಚೀಟಿ ಬರೆದು ಒಳಗೆ ಕಳಿಸುತ್ತಾರೆ. ಒಳಗೆ ಕಂಪ್ಯೂಟರ್ ಮುಂದೆ ಕೂತವರು ಆ ಚೀಟಿ ನೋಡಿಕೊಂಡು ರೈತನ ಹೆಸರು, ಬಾಕ್ಸು, ದರ ಟೈಪ್ ಮಾಡಿ ಪಟ್ಟಿ, ಅಂದರೆ ಬಿಲ್ಲು, ತೆಗೆಯುತ್ತಾರೆ. ಆ ಪಟ್ಟಿ ಕೈಗೆ ಸಿಕ್ಕ ಮೇಲೆಯೇ ರೈತನಿಗೆ ದುಡ್ಡು.

ಅಂಥ ಒಂದು ಬೆಳಿಗ್ಗೆ ಪರಿಚಯದ ಮಂಡಿಯಿಂದ ನನಗೆ ಫೋನ್ ಬಂತು. “ಅಣ್ಣಾ, ಸಿಸ್ಟಮ್ ಪಟ್ಟಿ ತಗೋತಾ ಇಲ್ಲ. ನಿನ್ನೆ ಸಾಯಂಕಾಲದವರೆಗೂ ಚೆನ್ನಾಗಿತ್ತು.” ಹೋಗಿ ನೋಡಿದೆ. ಹಳೇ ಪಟ್ಟಿಗಳೆಲ್ಲ ತೆರೆಯ ಮೇಲೆ ಸರಿಯಾಗಿಯೇ ಬರುತ್ತಿದ್ದವು. ಆದರೆ ಹೊಸ ಪಟ್ಟಿಗೆ ಹೋಗುವ ಬಟನ್ ಮಂಕಾಗಿತ್ತು. ಹಳೇ ಪಟ್ಟಿಯೊಂದರಲ್ಲಿ 42 ಇದ್ದದ್ದನ್ನು 24 ಮಾಡೋಣ ಅಂದರೆ, ಎಷ್ಟು ಸಲ ಕೀ ಒತ್ತಿದರೂ ಅಂಕಿ ಅಲ್ಲಾಡಲಿಲ್ಲ. ಬಾಗಿಲ ಹೊರಗೆ ಹತ್ತಾರು ರೈತರು ಕಾಯುತ್ತಿದ್ದರು. ಅವರಲ್ಲೊಬ್ಬರು ಮುಳಬಾಗಿಲು ಕಡೆಯಿಂದ ರಾತ್ರಿ ಎರಡು ಗಂಟೆಗೇ ಲೋಡು ಹಾಕಿಕೊಂಡು ಹೊರಟು ಬಂದಿದ್ದವರು.

ಈ ತೊಂದರೆ ಮಂಡಿಗಳಿಗೆ ಮಾತ್ರ ಅಲ್ಲ. ಹಾಲಿನ ಡೇರಿ, ಸಹಕಾರ ಸಂಘ, ಶಾಲೆಯ ಆಫೀಸು, ಗೊಬ್ಬರದ ಅಂಗಡಿ, ಹೀಗೆ ಎಷ್ಟೋ ಕಡೆ ಯಾರೋ ಒಬ್ಬರು ವರ್ಷಗಳ ಹಿಂದೆ ಬರೆದುಕೊಟ್ಟ ಚಿಕ್ಕ ಡೇಟಾಬೇಸ್ ಈಗಲೂ ಕೆಲಸ ಮಾಡುತ್ತಿದೆ. ನಾನು ನೋಡಿದವುಗಳಲ್ಲಿ ಜಾಸ್ತಿ ಇರುವುದು ಮೈಕ್ರೋಸಾಫ್ಟ್ ಆ್ಯಕ್ಸೆಸ್. 1992ರಿಂದ ಇರುವ ಸಾಫ್ಟ್‌ವೇರ್ ಅದು. ಬರೆದುಕೊಟ್ಟವರು ಬೇರೆ ಊರು ಸೇರಿರುತ್ತಾರೆ, ಫೋನಿಗೆ ಸಿಗುವುದಿಲ್ಲ. ಹಾಗಾಗಿ ದಿನಾ ಅದರ ಮುಂದೆ ಕೂರುವವರಿಗೇ ಒಳಗಿನ ವಿಷಯ ಸ್ವಲ್ಪ ಗೊತ್ತಿರಬೇಕು. ಕಷ್ಟದ ವಿದ್ಯೆ ಏನೂ ಅಲ್ಲ.

## ಖಾತೆ ಪುಸ್ತಕ, ಕೌಂಟರ್ ಕಿಟಕಿ, ನಡುವಿನ ಹಾಳೆ

ಮೊದಲು ಮೂರು ಪದ ತಿಳಿದುಕೊಳ್ಳೋಣ: ಟೇಬಲ್, ಕ್ವೆರಿ, ಫಾರ್ಮ್.

ಟೇಬಲ್ ಅಂದರೆ ಖಾತೆ ಪುಸ್ತಕ. ಮಾಹಿತಿ ನಿಜವಾಗಿ ಕೂತಿರುವುದು ಅಲ್ಲಿಯೇ. ಒಂದೊಂದು ಸಾಲೂ ಒಂದು ದಾಖಲೆ, ಅಂದರೆ ಒಂದು ಪಟ್ಟಿ. ಒಂದೊಂದು ಕಾಲಮ್ಮಿಗೆ ಫೀಲ್ಡ್ ಅಂತ ಹೆಸರು: ದಿನಾಂಕ, ರೈತನ ಸಂಖ್ಯೆ, ಬಾಕ್ಸು, ದರ. ಪ್ರತಿ ಸಾಲನ್ನೂ ಬೇರೆ ಮಾಡಿ ಗುರುತಿಸುವ ಒಂದು ಫೀಲ್ಡ್ ಇರಬೇಕು. ಎರಡು ಸಾಲಿಗೆ ಒಂದೇ ಸಂಖ್ಯೆ ಬರುವ ಹಾಗಿಲ್ಲ. ಅದನ್ನು ಪ್ರೈಮರಿ ಕೀ ಅನ್ನುತ್ತಾರೆ.

ಕ್ವೆರಿ ಅಂದರೆ ಆ ಪುಸ್ತಕಗಳಿಂದ ಬೇಕಾದಷ್ಟನ್ನು ಮಾತ್ರ ಆರಿಸಿ ಒಂದು ಹಾಳೆಯ ಮೇಲೆ ಜೋಡಿಸಿಕೊಡುವ ಏರ್ಪಾಡು. ಪಟ್ಟಿ ಪುಸ್ತಕದಿಂದ ಬಾಕ್ಸು, ದರ. ರೈತರ ಪುಸ್ತಕದಿಂದ ಹೆಸರು, ಊರು. ಎರಡನ್ನೂ ಸೇರಿಸಿ ತೋರಿಸುತ್ತದೆ.

ಫಾರ್ಮ್ ಅಂದರೆ ಕೌಂಟರ್ ಕಿಟಕಿ. ನಮ್ಮ ಕಣ್ಣಿಗೆ ಕಾಣುವುದು ಅದೊಂದೇ. ಅಲ್ಲಿ ಟೈಪ್ ಮಾಡಿದ್ದು ಕ್ವೆರಿಯ ದಾರಿಯಲ್ಲಿ ಟೇಬಲ್ಲಿಗೆ ಹೋಗಿ ಸೇರುತ್ತದೆ. ಕೆಲವು ಸಲ ನಡುವೆ ಕ್ವೆರಿ ಇರುವುದಿಲ್ಲ, ಫಾರ್ಮ್ ನೇರವಾಗಿ ಟೇಬಲ್ಲಿಗೇ ಕಟ್ಟಿರುತ್ತದೆ.

ಇಲ್ಲಿ ಒಂದು ವಿಷಯ ಮನಸ್ಸಿಗೆ ಬಂದರೆ ಅರ್ಧ ಕೆಲಸ ಆದ ಹಾಗೆ. ಕಿಟಕಿ ತನ್ನ ಹತ್ತಿರ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಕಿಟಕಿಯಲ್ಲಿ ‘ಬೇಡ’ ಎಂದು ಕೇಳಿಸಿದರೆ, ಅದನ್ನು ಹೇಳುತ್ತಿರುವುದು ಕಿಟಕಿಯೇ ಇರಬಹುದು, ನಡುವಿನ ಹಾಳೆ ಇರಬಹುದು, ಖಾತೆ ಪುಸ್ತಕ ಇರಬಹುದು, ಇಲ್ಲ ಆ ಪುಸ್ತಕ ಇಟ್ಟ ಬೀರು ಇರಬಹುದು. ಯಾರು ಹೇಳುತ್ತಿದ್ದಾರೆ ಅಂತ ಗೊತ್ತಾಗದೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡುವುದು, ಮೈಕ್ರೋಸಾಫ್ಟ್ ಆಫೀಸ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕುವುದು ಸುಮ್ನೆ ಹೊತ್ತು ಕಳೆಯುವ ಕೆಲಸ.

## ಮೊದಲು ಕಾಪಿ, ಆಮೇಲೆ ಟೇಬಲ್

ಏನನ್ನೂ ಮುಟ್ಟುವ ಮುಂಚೆ ಎಲ್ಲರೂ ಪ್ರೋಗ್ರಾಂ ಮುಚ್ಚಿ ಹೊರಬರಲಿ. ಆಮೇಲೆ ಫೈಲಿನ ಒಂದು ಕಾಪಿಯನ್ನು ಡೆಸ್ಕ್‌ಟಾಪ್ ಮೇಲೆ ಹಾಕಿಕೊಳ್ಳಿ. ಅವಸರದಲ್ಲಿ ಇದನ್ನು ಬಿಟ್ಟು ಮುಂದೆ ಹೋದವರು ಆಮೇಲೆ ಅತ್ತದ್ದನ್ನು ನೋಡಿದ್ದೇನೆ. ಎರಡು ನಿಮಿಷದ ಕೆಲಸ, ದಯವಿಟ್ಟು ಬಿಡಬೇಡಿ.

ಈಗ ಆ ಕಾಪಿಯಲ್ಲಿ ಫಾರ್ಮ್ ಬಿಟ್ಟು ಟೇಬಲ್ಲನ್ನೇ ನೇರವಾಗಿ ತೆರೆಯಿರಿ. ತೆರೆಯ ಎಡಗಡೆ ಇರುವ ಹೆಸರುಗಳ ಪಟ್ಟಿಯಲ್ಲಿ ಟೇಬಲ್ ಹೆಸರಿನ ಪಕ್ಕ ಚಿಕ್ಕ ಬಾಣದ ಗುರುತು ಇದ್ದರೆ ಅದು ಲಿಂಕ್ ಮಾಡಿದ ಟೇಬಲ್. ನಿಜವಾದ ಮಾಹಿತಿ ಬೇರೆ ಫೈಲಿನಲ್ಲಿದೆ ಎಂದು ಅರ್ಥ. ಆಗ ಆ ಫೈಲಿನದೂ ಕಾಪಿ ಮಾಡಿಕೊಂಡು ಅದನ್ನೇ ತೆರೆಯಬೇಕು. ಇಲ್ಲದಿದ್ದರೆ ಕಾಪಿ ಅಂದುಕೊಂಡು ಅಸಲಿ ಖಾತೆಗೇ ಕೈ ಹಾಕಿದ ಹಾಗೆ ಆಗುತ್ತದೆ.

ಟೇಬಲ್ಲಿನ ಕೊನೆಯಲ್ಲಿ ನಕ್ಷತ್ರದ ಗುರುತಿರುವ ಖಾಲಿ ಸಾಲು ಇರುತ್ತದೆ. ಅಲ್ಲಿ ಒಂದು ಸುಳ್ಳು ದಾಖಲೆ ತುಂಬಿ. ಟೈಪ್ ಮಾಡುತ್ತಿರುವಾಗ ಸಾಲಿನ ಎಡಕ್ಕೆ ಪೆನ್ಸಿಲ್ ಚಿತ್ರ ಬರುತ್ತದೆ. ಪೆನ್ಸಿಲ್ ಇದೆ ಅಂದರೆ ಇನ್ನೂ ಸೇವ್ ಆಗಿಲ್ಲ. ಶಿಫ್ಟ್ ಹಿಡಿದು ಎಂಟರ್ ಒತ್ತಿದರೆ, ಇಲ್ಲ ಮುಂದಿನ ಸಾಲಿಗೆ ಹೋದರೆ ಪೆನ್ಸಿಲ್ ಮಾಯವಾಗುತ್ತದೆ. ಆಗ ಪುಸ್ತಕಕ್ಕೆ ಬರೆದ ಹಾಗೆ.

ಟೇಬಲ್ ಒಪ್ಪಿತಾ? ಹಾಗಾದರೆ ಮುಂದೆ ಕ್ವೆರಿಯನ್ನು ತೆರೆದು ಅಲ್ಲೂ ಇದನ್ನೇ ಮಾಡಿ. ಕ್ವೆರಿಯೂ ಒಪ್ಪಿದರೆ ತೊಂದರೆ ಫಾರ್ಮಿನಲ್ಲಿದೆ. ಟೇಬಲ್ಲೇ ಒಪ್ಪದಿದ್ದರೆ ಫಾರ್ಮನ್ನು ಬೈದು ಪ್ರಯೋಜನವಿಲ್ಲ.

ಇನ್ನೊಂದು ಉಪಯೋಗ ಇದೆ. ಡೆಸ್ಕ್‌ಟಾಪ್ ಮೇಲಿನ ಕಾಪಿಯಲ್ಲಿ ಎಲ್ಲ ಸರಿಯಾಗಿ ನಡೆದು, ಅಸಲಿ ಫೈಲಿನಲ್ಲಿ ಮಾತ್ರ ನಡೆಯದಿದ್ದರೆ ಡೇಟಾಬೇಸ್ ಚೆನ್ನಾಗಿಯೇ ಇದೆ. ಅದು ಕೂತಿರುವ ಜಾಗದಲ್ಲಿ ತೊಂದರೆ ಇದೆ, ಇಲ್ಲ ಅದನ್ನು ಇನ್ಯಾರೋ ಹಿಡಿದುಕೊಂಡಿದ್ದಾರೆ.

ಆ ಜುಲೈ ಬೆಳಿಗ್ಗೆ ಮಂಡಿಯಲ್ಲಿ ಟೇಬಲ್ ಒಂದೇ ಏಟಿಗೆ ಒಪ್ಪಿತು. ಹಾಗಾಗಿ ಖಾತೆ ಪುಸ್ತಕದ ತಪ್ಪಿಲ್ಲ ಎಂದು ಐದು ನಿಮಿಷದಲ್ಲಿ ಗೊತ್ತಾಯಿತು. ಮುಂದೇನಾಯಿತು ಅನ್ನುವುದನ್ನು ಕ್ವೆರಿಯ ಮಾತು ಬಂದಾಗ ಹೇಳುತ್ತೇನೆ.

## ಬೀರುವಿಗೇ ಬೀಗ ಬಿದ್ದಾಗ

ಹೊಸದೂ ಬೇಡ, ತಿದ್ದುವುದೂ ಬೇಡ, ಯಾವ ಫಾರ್ಮೂ ಕೆಲಸ ಮಾಡುತ್ತಿಲ್ಲ ಅಂದರೆ ಫೈಲೇ ಓದಲು ಮಾತ್ರ ತೆರೆದುಕೊಂಡಿರಬಹುದು. ಪೆನ್‌ಡ್ರೈವ್‌ನಲ್ಲಿ ತಂದಿದ್ದನ್ನು, ಇಮೇಲ್‌ನಲ್ಲಿ ಬಂದಿದ್ದನ್ನು ಅಲ್ಲಿಂದಲೇ ತೆರೆದಾಗ, ಜಿಪ್ ಫೈಲಿನ ಒಳಗಿಂದಲೇ ಡಬಲ್ ಕ್ಲಿಕ್ ಮಾಡಿದಾಗ ಹೀಗಾಗುವುದುಂಟು. ಫೈಲನ್ನು ಹೊರಗೆ ತೆಗೆದು ಒಂದು ಮಾಮೂಲಿ ಫೋಲ್ಡರಿನಲ್ಲಿಟ್ಟು ತೆರೆಯಿರಿ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ‘ರೀಡ್ ಓನ್ಲಿ’ ಎದುರು ಟಿಕ್ ಇದ್ದರೆ ತೆಗೆಯಿರಿ.

ಫೈಲು ಇನ್ನೊಂದು ಕಂಪ್ಯೂಟರಿನ ಶೇರ್ ಮಾಡಿದ ಫೋಲ್ಡರಿನಲ್ಲಿದ್ದರೆ ಒಂದು ಸೂಕ್ಷ್ಮ ಇದೆ. ಆ್ಯಕ್ಸೆಸ್ ಫೈಲ್ ತೆರೆದ ಕೂಡಲೇ ಅದೇ ಫೋಲ್ಡರಿನಲ್ಲಿ ಅದೇ ಹೆಸರಿನ ಒಂದು ಪುಟ್ಟ ಲಾಕ್ ಫೈಲ್ ಹುಟ್ಟುತ್ತದೆ. ಯಾರ್‍ಯಾರು ಒಳಗಿದ್ದಾರೆ ಎಂಬ ಹಾಜರಿ ಪುಸ್ತಕ ಅದು. ಕೊನೆಯವರು ಹೊರಬಂದಾಗ ತಾನಾಗಿಯೇ ಅಳಿದು ಹೋಗುತ್ತದೆ. ಆದ್ದರಿಂದ ಡೇಟಾಬೇಸ್ ಫೈಲಿಗೆ ಮಾತ್ರ ಅನುಮತಿ ಕೊಟ್ಟರೆ ಸಾಲದು. ಆ ಫೋಲ್ಡರಿನಲ್ಲಿ ಹೊಸ ಫೈಲ್ ಮಾಡಲು, ಅಳಿಸಲು ಎಲ್ಲರಿಗೂ ಅನುಮತಿ ಇರಬೇಕು. ಕರೆಂಟ್ ಹೋಗಿ ಸಿಸ್ಟಮ್ ದಿಢೀರ್ ಆಫ್ ಆದಾಗ ಲಾಕ್ ಫೈಲ್ ಅಲ್ಲೇ ಉಳಿದುಬಿಡುವುದುಂಟು. ಒಬ್ಬರೂ ಒಳಗಿಲ್ಲ ಎಂದು ಖಾತ್ರಿ ಮಾಡಿಕೊಂಡು ಆ ಲಾಕ್ ಫೈಲನ್ನು ಮಾತ್ರ ಅಳಿಸಬಹುದು. ಹೆಸರು ಎರಡು ಸಲ ಓದಿ. ಪಕ್ಕದಲ್ಲೇ ಅಸಲಿ ಫೈಲೂ ಅದೇ ಹೆಸರಿನಲ್ಲಿ ಕೂತಿರುತ್ತದೆ.

ಇನ್ನು ತೆರೆಯ ಮೇಲ್ಭಾಗದಲ್ಲಿ ಬರುವ ಹಳದಿ ಪಟ್ಟಿ. ಅದನ್ನು ಎಷ್ಟೋ ಜನ ಗಮನಿಸುವುದೇ ಇಲ್ಲ. ಸುರಕ್ಷತೆಗಾಗಿ ಒಳಗಿನ ಪ್ರೋಗ್ರಾಂ ತುಣುಕುಗಳನ್ನು, ಅಂದರೆ ಮ್ಯಾಕ್ರೋಗಳನ್ನು, ನಿಲ್ಲಿಸಿದ್ದೇವೆ ಎಂದು ಅದು ಹೇಳುತ್ತಿರುತ್ತದೆ. ಫಾರ್ಮಿನಲ್ಲಿರುವ ‘ಹೊಸ ಪಟ್ಟಿ’, ‘ಸೇವ್’ ಬಟನ್‌ಗಳು ಆ ಮ್ಯಾಕ್ರೋಗಳನ್ನೇ ನಂಬಿಕೊಂಡಿದ್ದರೆ ಒತ್ತಿದರೂ ಏನೂ ಆಗುವುದಿಲ್ಲ. ಫೈಲು ನಿಮ್ಮದೇ, ಎಲ್ಲಿಂದ ಬಂತು ಗೊತ್ತು ಅಂದರೆ ಹಳದಿ ಪಟ್ಟಿಯಲ್ಲಿರುವ ‘ಎನೇಬಲ್ ಕಂಟೆಂಟ್’ ಒತ್ತಿ. 2022ರಿಂದ ಇಂಟರ್ನೆಟ್ ಮೂಲಕ ಬಂದ ಫೈಲುಗಳಿಗೆ ತಡೆ ಇನ್ನೂ ಬಿಗಿಯಾಗಿದೆ. ಅಂಥವಕ್ಕೆ ಪ್ರಾಪರ್ಟೀಸ್‌ನಲ್ಲಿ ‘ಅನ್‌ಬ್ಲಾಕ್’ ಟಿಕ್ ಮಾಡಬೇಕಾಗುತ್ತದೆ. ಆಫೀಸ್ ಚಂದಾ ಮುಗಿದಿದ್ದರೂ ನೋಡಲು ಮಾತ್ರ ಬಿಟ್ಟು ತಿದ್ದಲು ಬಿಡುವುದಿಲ್ಲ.

ಕೊನೆಯದು ಗಾತ್ರ. ಒಂದು ಆ್ಯಕ್ಸೆಸ್ ಫೈಲ್ 2 ಜಿಬಿ ದಾಟುವಂತಿಲ್ಲ. ಬರೀ ಅಕ್ಷರ, ಅಂಕಿ ಆದರೆ ಅಲ್ಲಿಗೆ ಮುಟ್ಟಲು ಬಹಳ ವರ್ಷ ಬೇಕು. ಆದರೆ ಪ್ರತಿ ರೈತನ ಫೋಟೊ, ಆಧಾರ್ ಸ್ಕ್ಯಾನ್ ಎಲ್ಲ ಒಳಗೇ ತುಂಬುತ್ತಾ ಹೋದರೆ ಬೇಗ ಮುಟ್ಟುತ್ತದೆ. ಇನ್ನೊಂದು ವಿಷಯ, ದಾಖಲೆ ಅಳಿಸಿದರೂ ಅದು ಹಿಡಿದ ಜಾಗ ಕೂಡಲೇ ವಾಪಸ್ ಸಿಗುವುದಿಲ್ಲ. ‘ಕಾಂಪ್ಯಾಕ್ಟ್ ಅಂಡ್ ರಿಪೇರ್’ ಎಂಬ ಸೌಲಭ್ಯ ಆ ಖಾಲಿ ಜಾಗವನ್ನು ಹಿಂಡಿ ತೆಗೆಯುತ್ತದೆ. ಚಿಕ್ಕಪುಟ್ಟ ಬಿರುಕುಗಳನ್ನೂ ಸರಿ ಮಾಡುತ್ತದೆ. ಎಲ್ಲರೂ ಹೊರಗಿದ್ದಾಗ, ಕಾಪಿ ಇಟ್ಟುಕೊಂಡು, ಯುಪಿಎಸ್ ಇರುವ ಸಿಸ್ಟಮ್‌ನಲ್ಲಿ ಮಾಡಿ.

## ಖಾತೆ ಪುಸ್ತಕದ ಕಟ್ಟುಪಾಡು

ಒಂದೆರಡು ದಾಖಲೆ ಮಾತ್ರ ಹತ್ತುತ್ತಿಲ್ಲ, ಬೇರೆಯವು ಹೋಗುತ್ತಿವೆ ಅಂದರೆ ಅದು ಬೇರೆ ಥರದ ತೊಂದರೆ. ಟೇಬಲ್ಲಿಗೆ ಕೆಲವು ಕಟ್ಟುಪಾಡು ಹಾಕಿರುತ್ತಾರೆ. ಇಂಥ ಫೀಲ್ಡ್ ಖಾಲಿ ಬಿಡುವಂತಿಲ್ಲ, ಇಂಥ ಅಂಕಿ ಇಷ್ಟರೊಳಗೇ ಇರಬೇಕು, ಈ ಸಂಖ್ಯೆ ಎರಡು ಸಲ ಬರಬಾರದು, ಹೀಗೆ. ತಪ್ಪು ಲೆಕ್ಕ ಒಳಗೆ ಹೋಗದಿರಲಿ ಎಂಬ ಒಳ್ಳೇ ಉದ್ದೇಶದಿಂದಲೇ ಹಾಕಿದ್ದು. ಆದರೆ ಕಾಲ ಬದಲಾಗುತ್ತದೆ, ಕಟ್ಟುಪಾಡು ಹಾಗೇ ಉಳಿಯುತ್ತದೆ.

2023ರ ಜುಲೈ ನೆನಪಿದೆ ಅಲ್ವಾ? ಕೋಲಾರದಲ್ಲಿ ಟೊಮೆಟೊ ಬಾಕ್ಸಿನ ದರ 2,000 ರೂಪಾಯಿ ದಾಟಿದ ತಿಂಗಳು. ಆಗ ಒಂದು ಕಡೆ ಫಾರ್ಮ್ ಕೆಲವು ಪಟ್ಟಿ ಮಾತ್ರ ತೆಗೆದುಕೊಳ್ಳುತ್ತಿಲ್ಲ ಎಂದು ಕರೆದರು. ನೋಡಿದರೆ ತಿರಸ್ಕಾರ ಆಗುತ್ತಿದ್ದವೆಲ್ಲ ಒಳ್ಳೇ ದರಕ್ಕೆ ಹೋದ ಲಾಟುಗಳು. ದರದ ಫೀಲ್ಡಿನ ‘ವ್ಯಾಲಿಡೇಶನ್ ರೂಲ್’ ಜಾಗದಲ್ಲಿ 1500ಕ್ಕಿಂತ ಜಾಸ್ತಿ ಇರಬಾರದು ಎಂದು ಬರೆದಿತ್ತು. ಬರೆದವರ ಕಾಲದಲ್ಲಿ ಅಷ್ಟು ದರ ಬರುತ್ತದೆ ಎಂದು ಯಾರು ಕನಸು ಕಂಡಿದ್ದರು? 150 ಎಂದು ಹೊಡೆಯುವ ಕಡೆ ಕೈ ತಪ್ಪಿ 15000 ಹೊಡೆಯದಿರಲಿ ಎಂದು ಹಾಕಿದ್ದ ನಿಯಮ ಅದು. ಟೇಬಲ್ ಡಿಸೈನಿಗೆ, ಅಂದರೆ ಪುಸ್ತಕದ ರಚನೆ ಬದಲಿಸುವ ಜಾಗಕ್ಕೆ, ಹೋಗಿ 5000 ಮಾಡಿದೆವು, ಮುಗಿಯಿತು.

ಇನ್ನೊಂದು ಕಡೆ ಪಟ್ಟಿ ಸಂಖ್ಯೆ 32,767ಕ್ಕೆ ಬಂದು ನಿಂತುಬಿಟ್ಟಿತು. ಮುಂದಿನ ಸಂಖ್ಯೆ ಏನು ಮಾಡಿದರೂ ಹೋಗಲಿಲ್ಲ. ಈ ಅಂಕಿ ಎಲ್ಲಿ ಕಂಡರೂ ನಿಮಗೆ ಕೂಡಲೇ ಹೊಳೆಯಬೇಕು. ‘ಇಂಟಿಜರ್’ ಎಂಬ ಬಗೆಯ ಫೀಲ್ಡಿಗೆ ಕಂಪ್ಯೂಟರ್ 16 ಸ್ವಿಚ್ಚುಗಳಷ್ಟು ಜಾಗ ಕೊಟ್ಟಿರುತ್ತದೆ. ಒಂದು ಸ್ವಿಚ್ಚು ಸಂಖ್ಯೆಯ ಹಿಂದೆ ಮೈನಸ್ ಇದೆಯೋ ಇಲ್ಲವೋ ಅನ್ನುವುದಕ್ಕೆ ಹೋಯಿತು. ಉಳಿದದ್ದು 15. ಒಂದೊಂದೂ ಆನ್ ಇಲ್ಲ ಆಫ್. ಹಾಗಾಗಿ 32,768 ಬೇರೆ ಬೇರೆ ಜೋಡಣೆ ಸಾಧ್ಯ. ಸೊನ್ನೆಯಿಂದ ಎಣಿಸಿದರೆ ಕೊನೆಯದು 32,767. ಹಳೇ ಸ್ಕೂಟರಿನ ಮೀಟರಿನಲ್ಲಿ ಐದೇ ಮನೆ ಇದ್ದರೆ 99,999ರ ಮೇಲೆ ತೋರಿಸಲು ಆಗದು, ಹಾಗೇ ಇದು. ದಿನಕ್ಕೆ 100 ಪಟ್ಟಿ ಆಗುವ ಮಂಡಿಯಲ್ಲಿ ಒಂದು ವರ್ಷ ತುಂಬುವ ಮೊದಲೇ ಈ ಮನೆ ತುಂಬುತ್ತದೆ.

ಡಿಸೈನ್‌ನಲ್ಲಿ ‘ಫೀಲ್ಡ್ ಸೈಜ್’ ಎದುರು ಇಂಟಿಜರ್ ಬದಲು ‘ಲಾಂಗ್ ಇಂಟಿಜರ್’ ಆರಿಸಿದರೆ 2,147,483,647ರವರೆಗೆ ಜಾಗ ಸಿಗುತ್ತದೆ. ಆ ಸಂಖ್ಯೆ ಬೇರೆ ಟೇಬಲ್ಲಿಗೆ ಸಂಬಂಧ ಕಟ್ಟಿಕೊಂಡಿದ್ದರೆ ಮೊದಲು ಆ ಸಂಬಂಧ ಬಿಚ್ಚಿ, ಎರಡೂ ಕಡೆ ಬದಲಿಸಿ, ಮತ್ತೆ ಕಟ್ಟಬೇಕು. ಒಳಗಿನ ಕೋಡಿನಲ್ಲೂ ಇಂಟಿಜರ್ ಎಂದು ಬರೆದಿದ್ದರೆ ಅದನ್ನೂ ಬದಲಿಸಬೇಕು, ಇಲ್ಲದಿದ್ದರೆ ‘ಓವರ್‌ಫ್ಲೋ’ ಎಂಬ ಸಂದೇಶ ಬರುತ್ತದೆ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ಮಾತು. ಒಂದು ಫೀಲ್ಡಿನಲ್ಲಿ 10 ಅಕ್ಷರ ಮಾತ್ರ ಎಂದು ಮಿತಿ ಇದೆ ಎಂದುಕೊಳ್ಳಿ. ಅಲ್ಲಿ ‘ಶ್ರೀನಿವಾಸಪುರ’ ಪೂರ್ತಿ ಹೋಗುವುದಿಲ್ಲ. ನಮ್ಮ ಕಣ್ಣಿಗೆ ಅದು ಆರೇ ಅಕ್ಷರ: ಶ್ರೀ, ನಿ, ವಾ, ಸ, ಪು, ರ. ಆದರೆ ಯುನಿಕೋಡ್‌ನಲ್ಲಿ ಕಂಪ್ಯೂಟರ್ ವ್ಯಂಜನವನ್ನೂ ಗುಣಿತವನ್ನೂ ಬೇರೆ ಬೇರೆ ಎಣಿಸುತ್ತದೆ. ಶ, ಅದನ್ನು ಅರ್ಧಾಕ್ಷರ ಮಾಡುವ ಗುರುತು, ರ, ದೀರ್ಘ ಈಕಾರ, ಶ್ರೀ ಒಂದಕ್ಕೇ ನಾಲ್ಕು ಮನೆ. ಒಟ್ಟು 12 ಆಗುತ್ತದೆ. ‘ಮುಳಬಾಗಿಲು’ 9 ಆದ್ದರಿಂದ ಹೋಗುತ್ತದೆ. ಇಂಗ್ಲಿಷಿನಲ್ಲಿ ಹೆಸರು ತುಂಬುತ್ತಿದ್ದ ಕಡೆ ಕನ್ನಡ ಶುರು ಮಾಡಿದ ಮೇಲೆ ಕೆಲವು ಊರು ಮಾತ್ರ ಅರ್ಧಕ್ಕೇ ನಿಲ್ಲುತ್ತಿವೆ ಅಂದರೆ ಕಾರಣ ಇದು. ಮಿತಿಯನ್ನು 50ಕ್ಕೋ 100ಕ್ಕೋ ಏರಿಸಿ. ಕನ್ನಡವನ್ನು ಬಿಡಬೇಡಿ.

ಉಳಿದ ಎರಡು ಸಂದೇಶಗಳು ಮಾಮೂಲಿ. ‘ಡೂಪ್ಲಿಕೇಟ್ ವ್ಯಾಲ್ಯೂಸ್’ ಎಂಬ ಮಾತು ಬಂದರೆ ಒಂದೇ ಸಂಖ್ಯೆ ಎರಡನೇ ಸಲ ಬರುತ್ತಿದೆ ಎಂದರ್ಥ. ತಾನಾಗಿ ಏರುವ ‘ಆಟೊನಂಬರ್’ ಫೀಲ್ಡಿನಲ್ಲಿ ಇದು ಬಂದರೆ ಎಣಿಕೆ ಹಿಂದಕ್ಕೆ ಜಾರಿದೆ. ಕಾಂಪ್ಯಾಕ್ಟ್ ಅಂಡ್ ರಿಪೇರ್ ಮಾಡಿ ನೋಡಿ. ಅದಕ್ಕೂ ಬಗ್ಗದಿದ್ದರೆ, ಈಗಿರುವ ದೊಡ್ಡ ಸಂಖ್ಯೆಗಿಂತ ಮುಂದಿನ ಸಂಖ್ಯೆ ಕೊಟ್ಟು ‘ಅಪೆಂಡ್ ಕ್ವೆರಿ’ಯಿಂದ, ಅಂದರೆ ಟೇಬಲ್ಲಿಗೆ ಸಾಲು ಸೇರಿಸುವ ಕ್ವೆರಿಯಿಂದ, ಒಂದು ದಾಖಲೆ ಸೇರಿಸಿದರೆ ಎಣಿಕೆ ಮತ್ತೆ ಮುಂದೆ ಹೋಗುತ್ತದೆ. ‘ರಿಲೇಟೆಡ್ ರೆಕಾರ್ಡ್ ಈಸ್ ರಿಕ್ವೈರ್ಡ್’ ಎಂದು ಬಂದರೆ, ರೈತರ ಪುಸ್ತಕದಲ್ಲಿ ಇಲ್ಲದ ರೈತನಿಗೆ ಪಟ್ಟಿ ಹಾಕಲು ಹೊರಟಿದ್ದೀರಿ. ಮೊದಲು ರೈತನ ಹೆಸರು ಸೇರಿಸಿ.

ದಾಖಲೆ ಒಳಗೂ ಹೋಗದೆ, ಫಾರ್ಮಿನಿಂದ ಹೊರಗೂ ಬಿಡದೆ ಸಿಕ್ಕಿಹಾಕಿಕೊಂಡರೆ ಎಸ್ಕೇಪ್ ಕೀಯನ್ನು ಎರಡು ಸಲ ಒತ್ತಿ. ತುಂಬಿದ್ದು ಅಳಿಸಿಹೋಗುತ್ತದೆ, ದಾರಿ ಬಿಡುತ್ತದೆ.

## ಇನ್ನೊಬ್ಬರ ಕೈಯಲ್ಲಿ ಪುಸ್ತಕ ಇದ್ದಾಗ

ಒಂದೇ ಖಾತೆಯನ್ನು ಇಬ್ಬರು ಮೂವರು ಬೇರೆ ಬೇರೆ ಸಿಸ್ಟಮ್‌ನಿಂದ ತೆರೆದಿದ್ದಾಗ ಲಾಕ್ ಎಂಬ ವಿಷಯ ಬರುತ್ತದೆ. ಒಬ್ಬರು ಒಂದು ಪಟ್ಟಿ ತಿದ್ದುತ್ತಿರುವಾಗ ಇನ್ನೊಬ್ಬರು ಅದನ್ನೇ ತಿದ್ದಬಾರದು ಎಂಬ ಏರ್ಪಾಡು. ಫಾರ್ಮಿನ ‘ರೆಕಾರ್ಡ್ ಲಾಕ್ಸ್’ ಗುಣಕ್ಕೆ ಮೂರು ಆಯ್ಕೆ ಇವೆ. ‘ನೋ ಲಾಕ್ಸ್’ ಆದರೆ ಯಾರನ್ನೂ ತಡೆಯುವುದಿಲ್ಲ. ಇಬ್ಬರೂ ಒಂದನ್ನೇ ತಿದ್ದಿದರೆ ಎರಡನೆಯವರು ಸೇವ್ ಮಾಡುವಾಗ ‘ರೈಟ್ ಕಾನ್‌ಫ್ಲಿಕ್ಟ್’ ಎಂದು ಕೇಳುತ್ತದೆ. ‘ಎಡಿಟೆಡ್ ರೆಕಾರ್ಡ್’ ಆದರೆ ತಿದ್ದುತ್ತಿರುವ ದಾಖಲೆಗೆ ಬೀಗ. ‘ಆಲ್ ರೆಕಾರ್ಡ್ಸ್’ ಆದರೆ ಆ ಫಾರ್ಮ್ ತೆರೆದಿರುವಷ್ಟು ಹೊತ್ತೂ ಇಡೀ ಪುಸ್ತಕಕ್ಕೇ ಬೀಗ. ಒಬ್ಬರು ಫಾರ್ಮ್ ತೆರೆದಿಟ್ಟು ತಿಂಡಿಗೆ ಹೋದರೆ ಉಳಿದವರೆಲ್ಲ ಕೈ ಕಟ್ಟಿ ಕೂರಬೇಕು. ಬೆಳಿಗ್ಗೆ ಸರಿಯಿದ್ದು, ಹತ್ತು ಗಂಟೆಗೆ ನಿಂತು, ಹನ್ನೊಂದಕ್ಕೆ ತಾನಾಗಿಯೇ ಸರಿಹೋಗುವ ತೊಂದರೆ ಇದ್ದರೆ ಮೊದಲು ಇದನ್ನು ನೋಡಿ.

ವೈಫೈ ಮೇಲೆ ಆ್ಯಕ್ಸೆಸ್ ಫೈಲ್ ಹಂಚಿಕೊಳ್ಳುವುದು ಬೇಡ ಎಂದೇ ನನ್ನ ಸಲಹೆ. ಬರೆಯುತ್ತಿರುವ ಹೊತ್ತಿನಲ್ಲಿ ಸಿಗ್ನಲ್ ಒಂದು ಕ್ಷಣ ತಪ್ಪಿದರೂ ಫೈಲು ಕೆಡಬಹುದು. ಒಂದು ಕೇಬಲ್ ಎಳೆಸಿ.

## ಕಿಟಕಿಗೆ ಹಾಕಿದ ಬೀಗ

ಟೇಬಲ್, ಕ್ವೆರಿ ಎರಡೂ ಒಪ್ಪಿ ಫಾರ್ಮ್ ಮಾತ್ರ ಬೇಡ ಅಂದರೆ ಫಾರ್ಮನ್ನು ಡಿಸೈನ್ ವ್ಯೂನಲ್ಲಿ ತೆರೆದು ಎಫ್4 ಕೀ ಒತ್ತಿ. ಬಲಗಡೆ ಗುಣಗಳ ಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲಿ ‘ಡೇಟಾ’ ವಿಭಾಗ ನೋಡಿ. ‘ಅಲೌ ಅಡಿಶನ್ಸ್’ ಎದುರು ‘ನೋ’ ಇದ್ದರೆ ಹೊಸದು ಸೇರಿಸಲು ಬಿಡುವುದಿಲ್ಲ. ‘ಅಲೌ ಎಡಿಟ್ಸ್’ ಎದುರು ‘ನೋ’ ಇದ್ದರೆ ತಿದ್ದಲು ಬಿಡುವುದಿಲ್ಲ. ‘ಡೇಟಾ ಎಂಟ್ರಿ’ ಎದುರು ‘ಯೆಸ್’ ಇದ್ದರೆ ಹೊಸದಕ್ಕೆ ಮಾತ್ರ ಜಾಗ. ಹಳೆಯವು ಕಾಣುವುದೇ ಇಲ್ಲ. ಎಲ್ಲ ಅಳಿಸಿಹೋಯಿತು ಎಂದು ಗಾಬರಿಯಾಗುವವರು ಇದ್ದಾರೆ. ಏನೂ ಅಳಿಸಿರುವುದಿಲ್ಲ. ‘ರೆಕಾರ್ಡ್‌ಸೆಟ್ ಟೈಪ್’ ಎದುರು ‘ಸ್ನ್ಯಾಪ್‌ಶಾಟ್’ ಇದ್ದರೆ ಅದು ಫೋಟೊ ಇದ್ದ ಹಾಗೆ. ನೋಡಬಹುದು, ತಿದ್ದಲಾಗದು. ‘ಡೈನಾಸೆಟ್’ ಮಾಡಿ.

ಫಾರ್ಮ್ ತೆರೆದರೆ ಬರೀ ಖಾಲಿ ಹಾಳೆ, ಒಂದು ಬಾಕ್ಸೂ ಇಲ್ಲ, ಅಕ್ಷರವೂ ಇಲ್ಲ. ಇದನ್ನು ನೋಡಿ ಫಾರ್ಮೇ ಹಾಳಾಯಿತು ಅಂದುಕೊಳ್ಳುತ್ತಾರೆ. ತೋರಿಸಲು ಹಳೇ ದಾಖಲೆ ಒಂದೂ ಇಲ್ಲ, ಹೊಸದು ಸೇರಿಸಲೂ ಅನುಮತಿ ಇಲ್ಲ ಎಂದಾಗ ಆ್ಯಕ್ಸೆಸ್ ಹೀಗೆ ಮಾಡುತ್ತದೆ.

ಎಲ್ಲ ಗುಣಗಳೂ ಸರಿಯಿದ್ದು ಫಾರ್ಮ್ ಇನ್ನೂ ಒಪ್ಪದಿದ್ದರೆ ಅದನ್ನು ಯಾವ ಬಟನ್‌ನಿಂದ ತೆರೆಯುತ್ತೀರಿ ನೋಡಿ. ಮೆನುವಿನ ಬಟನ್ ಹಿಂದಿನ ಆದೇಶದಲ್ಲಿ ‘ಓದಲು ಮಾತ್ರ’ ಎಂದು ಬರೆದಿದ್ದರೆ ಫಾರ್ಮಿನ ಗುಣಗಳನ್ನು ಅದು ಮೀರುತ್ತದೆ. ಅದೇ ಫಾರ್ಮನ್ನು ಎಡಗಡೆಯ ಪಟ್ಟಿಯಿಂದ ನೇರವಾಗಿ ತೆರೆದಾಗ ಸರಿ ನಡೆದರೆ ತಪ್ಪು ಬಟನ್‌ನದು.

ಫಾರ್ಮಿನ ಮೇಲಿನ ಒಂದು ಬಾಕ್ಸ್ ಮಾತ್ರ ಬದಲಾಗುತ್ತಿಲ್ಲವಾದರೆ ಅದರ ‘ಲಾಕ್ಡ್’ ಗುಣ ನೋಡಿ. ಇಲ್ಲ, ಅದರ ‘ಕಂಟ್ರೋಲ್ ಸೋರ್ಸ್’ ಸಮ ಚಿಹ್ನೆಯಿಂದ ಶುರುವಾಗುತ್ತದಾ ನೋಡಿ. ಹಾಗಿದ್ದರೆ ಅದು ಲೆಕ್ಕ ಹಾಕಿ ತೋರಿಸುವ ಬಾಕ್ಸು. ಟೊಮೆಟೊ ಬಾಕ್ಸಿನ ಸಂಖ್ಯೆ ಇಂಟು ದರ ಎಂದು ಬಂದ ಮೊತ್ತವನ್ನು ಕೈಯಿಂದ ತಿದ್ದಲಾಗುವುದಿಲ್ಲ, ದರ ತಿದ್ದಿದರೆ ಅದು ತಾನಾಗಿ ತಿದ್ದಿಕೊಳ್ಳುತ್ತದೆ. ಸೇವ್ ಆದ ದಾಖಲೆ ಕಾಣದೆ ಹೋದರೆ ಫಿಲ್ಟರ್ ಹಾಕಿರಬಹುದು, ತೆಗೆದು ನೋಡಿ.

ಗೂಗಲ್ ಫಾರ್ಮ್ ಬಳಸುವವರಿಗೆ ಇಷ್ಟೆಲ್ಲ ಇಲ್ಲ. ಅಲ್ಲಿ ‘ಉತ್ತರ ಸ್ವೀಕರಿಸು’ ಎಂಬ ಸ್ವಿಚ್ಚು ಆಫ್ ಆಗಿದೆಯಾ, ಒಬ್ಬರಿಗೆ ಒಂದೇ ಉತ್ತರ ಎಂದು ಮಿತಿ ಹಾಕಿದ್ದಾರಾ ನೋಡಿದರೆ ಬಹುತೇಕ ಸಾಕು.

## ಒಟ್ಟು ಲೆಕ್ಕ ತಂದ ತೊಂದರೆ

ಈಗ ನಡುವಿನ ಹಾಳೆಗೆ ಬರೋಣ. ಆ ಮಂಡಿಯಲ್ಲಿ ಟೇಬಲ್ ಒಪ್ಪಿತ್ತು. ಎಫ್4 ಒತ್ತಿ ನೋಡಿದರೆ ಫಾರ್ಮಿನ ಗುಣಗಳೂ ಸರಿ ಇದ್ದವು. ಕ್ವೆರಿಯನ್ನು ತೆರೆದು ಒಂದು ಅಂಕಿ ತಿದ್ದಲು ಹೋದಾಗ ತೆರೆಯ ಕೆಳಗಿನ ಎಡ ಮೂಲೆಯಲ್ಲಿ, ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರದಲ್ಲಿ ಒಂದು ಸಾಲು ಬಂತು: ‘ದಿಸ್ ರೆಕಾರ್ಡ್‌ಸೆಟ್ ಈಸ್ ನಾಟ್ ಅಪ್‌ಡೇಟಬಲ್’. ಅಂದರೆ ಈ ಹಾಳೆಯ ಮೂಲಕ ಪುಸ್ತಕ ತಿದ್ದಲು ಬರುವುದಿಲ್ಲ.

ಯಾಕೆ ಬರುವುದಿಲ್ಲ? ಒಂದು ಉದಾಹರಣೆ ನೋಡಿ. ಒಬ್ಬ ರೈತನಿಂದ ಇವತ್ತು ಮೂರು ಲಾಟು ಬಂದಿದೆ: 40, 35, 25 ಬಾಕ್ಸು. ನೀವು ಹಾಳೆಯ ಮೇಲೆ ಒಟ್ಟು 100 ಎಂದು ಬರೆದು ಕೊಟ್ಟಿರಿ. ಯಾರೋ ಆ 100 ಹೊಡೆದು 98 ಎಂದು ಬರೆದು ವಾಪಸ್ ಕೊಟ್ಟರು. ಈಗ ಖಾತೆ ಪುಸ್ತಕದಲ್ಲಿ ಏನು ತಿದ್ದುತ್ತೀರಿ? 40ನ್ನು 38 ಮಾಡಬೇಕಾ? 25ನ್ನು 23 ಮಾಡಬೇಕಾ? ಎರಡರಲ್ಲೂ ಒಂದೊಂದು ಕಡಿಮೆ ಮಾಡಬೇಕಾ? ನಿಮಗೆ ಗೊತ್ತಿಲ್ಲ, ಕಂಪ್ಯೂಟರಿಗೂ ಗೊತ್ತಿಲ್ಲ. ಊಹೆ ಮಾಡಿ ಒಬ್ಬರ ಲೆಕ್ಕ ಕೆಡಿಸುವ ಬದಲು ಅದು ತಿದ್ದುವುದನ್ನೇ ಬಿಡುವುದಿಲ್ಲ. ಒಳ್ಳೇ ಗುಮಾಸ್ತರೂ ಹಾಗೇ ಮಾಡುತ್ತಾರೆ.

ಕ್ವೆರಿ ತಿದ್ದಲು ಬಾರದ ಹಾಗೆ ಆಗುವುದಕ್ಕೆ ಬಹುಪಾಲು ಕಾರಣ ಇದೇ ತರ್ಕ: ಹಾಳೆಯ ಮೇಲಿನ ಒಂದು ಸಾಲು ಪುಸ್ತಕದ ಯಾವ ಸಾಲು ಎಂದು ಖಚಿತವಾಗಿ ಹೇಳಲು ಆಗುವುದಿಲ್ಲ. ಒಟ್ಟು, ಸರಾಸರಿ, ಎಣಿಕೆ ಹಾಕಿದ ಕ್ವೆರಿ ಹೀಗೆ. ಒಂದೇ ಥರದ ಸಾಲುಗಳನ್ನು ಒಂದಾಗಿಸಿ ತೋರಿಸುವ ‘ಯೂನಿಕ್ ವ್ಯಾಲ್ಯೂಸ್’ ಹೀಗೆ. ಹೋದ ವರ್ಷದ ಪುಸ್ತಕ, ಈ ವರ್ಷದ ಪುಸ್ತಕ ಎರಡನ್ನೂ ಒಂದರ ಕೆಳಗೊಂದು ಅಂಟಿಸುವ ‘ಯೂನಿಯನ್’ ಕ್ವೆರಿಯೂ ಹೀಗೆ. ತಿಂಗಳುಗಳನ್ನು ಅಡ್ಡಡ್ಡ ಹರಡಿ ತೋರಿಸುವ ‘ಕ್ರಾಸ್‌ಟ್ಯಾಬ್’ ಸಹ. ಇಂಥ ಒಟ್ಟು ಕ್ವೆರಿಯನ್ನು ತಂದು ಬೇರೆ ಕ್ವೆರಿಗೆ ಜೋಡಿಸಿದರೆ ಆ ಕ್ವೆರಿಯೂ ನಿಂತುಹೋಗುತ್ತದೆ.

ಎರಡು ಟೇಬಲ್ ಸೇರಿಸಿದಾಗ ಇನ್ನೊಂದು ಎಡವಟ್ಟು ಆಗುತ್ತದೆ. ರೈತರ ಪುಸ್ತಕಕ್ಕೆ ಪ್ರೈಮರಿ ಕೀ ಇಲ್ಲ, ಹೆಸರಿನ ಮೇಲೆಯೇ ಜೋಡಿಸಿದ್ದಾರೆ ಎಂದುಕೊಳ್ಳಿ. ಒಂದೇ ಹೋಬಳಿಯಲ್ಲಿ ಅದೇ ಹೆಸರಿನವರು ಎಷ್ಟು ಜನ ಇಲ್ಲ? ಪಟ್ಟಿ ಯಾರದ್ದು ಎಂದು ಕ್ವೆರಿಗೆ ಖಚಿತ ಆಗುವುದಿಲ್ಲ. ರೈತರ ಟೇಬಲ್ಲಿಗೆ ಒಂದು ಸಂಖ್ಯೆಯ ಪ್ರೈಮರಿ ಕೀ ಕೊಟ್ಟು ಅದರ ಮೇಲೆ ಜೋಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಎಸ್‌ಕ್ಯೂಎಲ್ ಸರ್ವರ್ ಎಂಬ ದೊಡ್ಡ ಡೇಟಾಬೇಸಿನಿಂದ ಲಿಂಕ್ ಮಾಡಿದ ಟೇಬಲ್ಲಿಗೆ ಪ್ರೈಮರಿ ಕೀ ಇಲ್ಲದಿದ್ದರೆ ಆ್ಯಕ್ಸೆಸ್ ಅದನ್ನು ಓದಲು ಮಾತ್ರ ತೆರೆಯುತ್ತದೆ. ಆ್ಯಕ್ಸೆಸ್ ಥರದ್ದೇ ಆದ ಲಿಬ್ರೆ ಆಫೀಸ್ ಬೇಸ್ ಬಳಸುವವರಿಗೂ ಇದೇ ಮಾತು. ಅಲ್ಲಿ ಕೀ ಇಲ್ಲದ ಟೇಬಲ್ಲಿಗೆ ಒಂದು ಸಾಲೂ ಸೇರಿಸಲಾಗದು. ಇನ್ನು ಎಕ್ಸೆಲ್ ಹಾಳೆಯನ್ನು ಆ್ಯಕ್ಸೆಸ್‌ಗೆ ಲಿಂಕ್ ಮಾಡಿದರೆ ಅದನ್ನು ಆ್ಯಕ್ಸೆಸ್ ಒಳಗಿಂದ ತಿದ್ದಲು ಬರುವುದೇ ಇಲ್ಲ. ನಿಮ್ಮ ತಪ್ಪು ಹುಡುಕುತ್ತಾ ಕೂರಬೇಡಿ, ಎಕ್ಸೆಲ್‌ನಲ್ಲೇ ತಿದ್ದಿ, ಇಲ್ಲ ಟೇಬಲ್ಲಾಗಿ ಇಂಪೋರ್ಟ್ ಮಾಡಿಕೊಳ್ಳಿ.

ಮಂಡಿಯಲ್ಲಿ ನಾನು ಕೇಳಿದ ಪ್ರಶ್ನೆ ಒಂದೇ. “ನಿನ್ನೆ ಸಾಯಂಕಾಲ ಯಾರಾದರೂ ಏನಾದರೂ ಬದಲಾಯಿಸಿದರಾ?” ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಲ್ಲಿ ಕೆಲಸಕ್ಕಿದ್ದ ಹುಡುಗಿ ಹೇಳಿದಳು. ರೈತರು ಬಂದು ‘ನಂದು ಒಟ್ಟು ಎಷ್ಟು ಬಾಕ್ಸ್ ಆಯ್ತಮ್ಮಾ’ ಎಂದು ದಿನಾ ಕೇಳುತ್ತಾರೆ, ಕೂಡಿ ಹೇಳುವುದು ತಡ ಆಗುತ್ತದೆ, ಅದಕ್ಕೇ ಫಾರ್ಮಿನಲ್ಲೇ ಒಟ್ಟು ಕಾಣಲಿ ಎಂದು ಕ್ವೆರಿಗೆ ಒಂದು ಕಾಲಮ್ ಸೇರಿಸಿದ್ದಳು. ಎಷ್ಟು ಒಳ್ಳೇ ಯೋಚನೆ! ತಾನೇ ಕಲಿತು, ತಾನೇ ಹುಡುಕಿ ಮಾಡಿದ್ದಳು. ಒಟ್ಟನ್ನು ಇಟ್ಟ ಜಾಗ ಮಾತ್ರ ಸರಿ ಇರಲಿಲ್ಲ.

ಕ್ವೆರಿಯಿಂದ ಆ ಒಟ್ಟಿನ ಕಾಲಮ್ ತೆಗೆದು ಮೊದಲಿನ ಹಾಗೆ ಮಾಡಿದೆವು. ಫಾರ್ಮಿನ ಬಲ ಮೂಲೆಯಲ್ಲಿ ಬೇರೆ ಒಂದು ಬಾಕ್ಸ್ ಇಟ್ಟು ಅದರ ಕಂಟ್ರೋಲ್ ಸೋರ್ಸ್‌ನಲ್ಲಿ ‘ಡಿಸಮ್’ ಎಂಬ ಸೂತ್ರ ಬರೆದೆವು. ಈ ರೈತನ ಇವತ್ತಿನ ಬಾಕ್ಸುಗಳನ್ನು ಟೇಬಲ್ಲಿನಿಂದ ನೇರವಾಗಿ ಕೂಡಿ ತೋರಿಸು ಎಂದು ಅದರ ಅರ್ಥ. ಆ ಒಂದು ಬಾಕ್ಸನ್ನು ಯಾರೂ ತಿದ್ದಲಾಗುವುದಿಲ್ಲ, ತಿದ್ದುವ ಅಗತ್ಯವೂ ಇಲ್ಲ. ಉಳಿದ ಫಾರ್ಮ್ ಎಲ್ಲ ಬಿಡುಗಡೆ ಆಯಿತು.

ಮಂಕಾಗಿದ್ದ ಬಟನ್ ಬೆಳಗಿತು. ಹುಡುಗಿ ಕಂಟ್ರೋಲ್ ಹಿಡಿದು ಪ್ಲಸ್ ಒತ್ತಿದಳು, ಖಾಲಿ ಪಟ್ಟಿ ತೆರೆದುಕೊಂಡಿತು. ಮುಳಬಾಗಿಲು ಕಡೆಯ ರೈತರ ಮೊದಲ ಲಾಟು ತುಂಬಿ ಶಿಫ್ಟ್ ಎಂಟರ್ ಕೊಟ್ಟಳು. ಪೆನ್ಸಿಲ್ ಹೋಯಿತು. ಎರಡನೆಯದು, ಮೂರನೆಯದು. ಮೂಲೆಯ ಬಾಕ್ಸಿನಲ್ಲಿ ಒಟ್ಟು ಕಂಡಿತು. ಅವರು ಕೇಳುವ ಮೊದಲೇ ಅವಳು ಕಿಟಕಿಯಿಂದ ಕೂಗಿ ಹೇಳಿದಳು.